ಕೂತ ಕೋಣೆಯಿಂದಲೇ ಶುರು: ಮನೆಯ ನಕ್ಷೆಯನ್ನು ಕೈಯಲ್ಲೂ ಕಂಪ್ಯೂಟರಿನಲ್ಲೂ ಬರೆಯಲು ಕಲಿಯುವ ದಾರಿ

ನಕ್ಷೆ ಬರೆಯಲು ಕಲಿಯಬೇಕು ಎಂದು ಬರುವವರು ಮೊದಲು ಕೇಳುವ ಪ್ರಶ್ನೆ, "ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?" ನಾನು ಅವರ ಕೈಗೆ ಐದು ಮೀಟರಿನ ಟೇಪು ಕೊಟ್ಟು, ನೀವು ಮಲಗುವ ಕೋಣೆಯನ್ನು ಅಳೆದುಕೊಂಡು ಬನ್ನಿ ಎನ್ನುತ್ತೇನೆ. ದಿನವೂ ಓಡಾಡುವ ಕೋಣೆಯ ಅಳತೆ ನಮ್ಮ ಮೈಗೆ ಗೊತ್ತಿರುತ್ತದೆ. ಕತ್ತಲಲ್ಲೂ ಬಾಗಿಲ ಚಿಲಕಕ್ಕೆ ಕೈ ಹೋಗುತ್ತದೆ. ಅಂಥ ಕೋಣೆಯನ್ನು ಕಾಗದಕ್ಕೆ ಇಳಿಸುವಾಗ ತಪ್ಪಾದರೆ ತಲೆ ಎತ್ತಿ ನೋಡಿದರೆ ಸಾಕು, ಉತ್ತರ ಎದುರಿಗೇ ಇರುತ್ತದೆ. ಊಹೆಯ ಬಂಗಲೆಯನ್ನು ಬರೆಯಲು ಕೂತರೆ ಆ ಅನುಕೂಲ ಇಲ್ಲ.

ಹಾಗಾಗಿ ಇಲ್ಲಿ ಹೇಳುವುದೆಲ್ಲ 10 ಅಡಿ ಅಗಲ, 12 ಅಡಿ ಉದ್ದದ ಒಂದು ಸಾಧಾರಣ ಕೋಣೆಯ ಸುತ್ತ. ಅದು ಕೈಗೆ ಬಂದ ಮೇಲೆ 30×40 ಸೈಟಿನ ಇಡೀ ಮನೆ, ಅದರ ಮೆಟ್ಟಿಲು, ಆಮೇಲೆ ಕಂಪ್ಯೂಟರು. ಶನಿವಾರ, ಭಾನುವಾರ ಮಾತ್ರ ಕೂತರೂ ಎರಡು ತಿಂಗಳಲ್ಲಿ ಇಷ್ಟು ದೂರ ಬರಬಹುದು.

ಸಾಮಾನು

ದುಬಾರಿ ಸಾಮಾನಿನ ಅಗತ್ಯ ಇಲ್ಲ. 2ಎಚ್, ಎಚ್‌ಬಿ, 2ಬಿ ಪೆನ್ಸಿಲ್ ಒಂದೊಂದು, ಮೆಂಡರ್, ಮೆತ್ತನೆಯ ರಬ್ಬರ್, 45 ಡಿಗ್ರಿಯ ಮತ್ತು 30-60 ಡಿಗ್ರಿಯ ಎರಡು ಸೆಟ್ ಸ್ಕ್ವೇರ್, ಕೈವಾರ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಎ4 ಮತ್ತು ಎ3 ಹಾಳೆಗಳು, ಅಡಿಯ ಗೆರೆ ಕಾಣುವಂಥ ತೆಳು ಬಟರ್ ಶೀಟ್ ಸ್ವಲ್ಪ. ಮನೆಯಲ್ಲಿ ಡಿಪ್ಲೊಮಾ ಓದಿದವರು ಯಾರಾದರೂ ಇದ್ದರೆ ಅಟ್ಟದ ಮೇಲೆ ಮಿನಿ ಡ್ರಾಫ್ಟರ್ (ಬೋರ್ಡಿಗೆ ಸಿಕ್ಕಿಸಿ ಸಮಾನಾಂತರ ಗೆರೆ ಎಳೆಯುವ ಸಾಧನ) ಸಿಕ್ಕೇ ಸಿಗುತ್ತದೆ, ಇಳಿಸಿಕೊಳ್ಳಿ. ಹಾಳೆಯನ್ನು ಬೋರ್ಡಿಗೆ ಅಂಟಿಸಲು ಮಾಸ್ಕಿಂಗ್ ಟೇಪ್ ಒಳ್ಳೆಯದು. ಸೆಲೋ ಟೇಪ್ ಕಿತ್ತರೆ ಹಾಳೆ ಹರಿಯುತ್ತದೆ.

ಅಳೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ.

ಮೊದಲು ಒಂದು ಬಿಳಿ ಹಾಳೆಯ ಮೇಲೆ, ಅಳತೆಪಟ್ಟಿ ಮುಟ್ಟದೆ, ಕೋಣೆ ಮೇಲಿನಿಂದ ಹೇಗೆ ಕಾಣಬಹುದೋ ಹಾಗೆ ದೊಡ್ಡದಾಗಿ ಗೀಚಿ. ಬಾಗಿಲು, ಕಿಟಕಿ, ಗೋಡೆಯಿಂದ ಮುಂದೆ ಬಂದ ಪಿಲ್ಲರ್, ಅಲಮಾರಿಯ ಗೂಡು ಎಲ್ಲವೂ ಇರಲಿ. ಇದು ಅಂಕಿಗಳನ್ನು ತುಂಬುವ ಹಾಳೆ, ಚೆಂದ ಬೇಕಿಲ್ಲ. ಆದರೆ ಸಣ್ಣದಾಗಿ ಗೀಚಿದರೆ ಅಂಕಿಗಳು ಒಂದರ ಮೇಲೊಂದು ಕೂತು ಸಂಜೆಗೆ ಓದಲಾಗುವುದಿಲ್ಲ.

ಟೇಪಿನ ತುದಿಯನ್ನು ಬಾಗಿಲ ಪಕ್ಕದ ಮೂಲೆಗೆ ಇಟ್ಟು, ಒಂದು ಗೋಡೆಯ ಉದ್ದಕ್ಕೂ ಒಮ್ಮೆ ಎಳೆದು ಬಿಡಿ. ತೆಗೆಯಬೇಡಿ. ಮೂಲೆಯಿಂದ ಕಿಟಕಿಯ ಮೊದಲ ಅಂಚು 910, ಎರಡನೇ ಅಂಚು 2130, ಎದುರು ಮೂಲೆ 3048, ಹೀಗೆ ಒಂದೇ ಸೊನ್ನೆಯಿಂದ ಎಲ್ಲವನ್ನೂ ಓದಿ ಬರೆದುಕೊಳ್ಳಿ. ಮೂಲೆಯಿಂದ ಕಿಟಕಿಗೆ ಒಮ್ಮೆ, ಕಿಟಕಿಯ ಅಗಲ ಒಮ್ಮೆ, ಉಳಿದದ್ದು ಇನ್ನೊಮ್ಮೆ ಎಂದು ತುಂಡು ತುಂಡಾಗಿ ಅಳೆದರೆ ಪ್ರತಿ ಸಲ ಎರಡು ಮೂರು ಮಿಲಿಮೀಟರ್ ಅತ್ತಿತ್ತ ಆಗುತ್ತದೆ. ಕೊನೆಯಲ್ಲಿ ಕೂಡಿಸಿದಾಗ ಮೊತ್ತ ಗೋಡೆಯ ಉದ್ದಕ್ಕೆ ಹೊಂದುವುದಿಲ್ಲ. ಪ್ರದಕ್ಷಿಣೆಯ ಹಾಗೆ ಎಡದಿಂದ ಬಲಕ್ಕೆ ನಾಲ್ಕೂ ಗೋಡೆ ಸುತ್ತಿ ಬನ್ನಿ, ಯಾವುದೂ ಬಿಟ್ಟುಹೋಗುವುದಿಲ್ಲ.

ಇನ್ನು ಕರ್ಣ. ನಾಲ್ಕು ಗೋಡೆ ಅಳೆದವರು ಕೋಣೆಯನ್ನು ಅಳೆದಾಯಿತು ಎಂದು ಎದ್ದು ಬಿಡುತ್ತಾರೆ. ನಾಲ್ಕೂ ಬದಿ ಸರಿಯಿದ್ದ ಮಾತ್ರಕ್ಕೆ ಮೂಲೆ ಮಟ್ಟಸವಾಗಿದೆ, ಅಂದರೆ ಸರಿಯಾಗಿ 90 ಡಿಗ್ರಿ ಇದೆ ಎಂದಲ್ಲ. ಒಂದು ಬೆಂಕಿಪೊಟ್ಟಣದ ಹೊರಕವಚ ತೆಗೆದು ಮೂಲೆಯಿಂದ ಮೆಲ್ಲಗೆ ಒತ್ತಿ ನೋಡಿ, ಬದಿಗಳು ಹಾಗೇ ಇದ್ದು ಆಕಾರ ಓರೆಯಾಗುತ್ತದೆ. ಕೋಣೆಯೂ ಹಾಗೆ. 3048 ಮತ್ತು 3658 ಮಿ.ಮೀ. ಬದಿಗಳಿರುವ ಕೋಣೆ ಮಟ್ಟಸವಾಗಿದ್ದರೆ ಎರಡು ಕರ್ಣಗಳೂ ಸುಮಾರು 4761 ಬರಬೇಕು. ಒಂದು 4745, ಇನ್ನೊಂದು 4778 ಬಂದರೆ ಹತ್ತು ಅಡಿಯ ಗೋಡೆ ಆ ತುದಿಗೆ ಹೋಗುವಷ್ಟರಲ್ಲಿ ಸುಮಾರು 21 ಮಿ.ಮೀ. ಓರೆಯಾಗಿದೆ ಎಂದು ಅರ್ಥ. ಒಂದು ಇಂಚಿಗೂ ಕಡಿಮೆ. ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ನೆಲಕ್ಕೆ ಟೈಲ್ಸ್ ಹಾಕಿದ ದಿನ ಗೋಡೆಯ ಬುಡದಲ್ಲಿ ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರವಾದ ಪಟ್ಟಿಯಾಗಿ ಕಂಡೇ ಕಾಣುತ್ತದೆ.

ಗೋಡೆಯ ದಪ್ಪವನ್ನು ಬಾಗಿಲ ಅಥವಾ ಕಿಟಕಿಯ ಪಕ್ಕದಲ್ಲಿ ಅಳೆಯಬೇಕು. 9 ಇಂಚಿನ ಇಟ್ಟಿಗೆ ಗೋಡೆ ಎಂದರೆ 230 ಮಿ.ಮೀ., ಎರಡೂ ಬದಿಯ ಗಾರೆ ಸೇರಿದರೆ 250 ದಾಟುತ್ತದೆ. ನಾಲ್ಕೂವರೆ ಇಂಚಿನ ಗೋಡೆ 115. ಬೆಂಗಳೂರಿನ ಕಡೆ ಈಗ ಹೆಚ್ಚಾಗಿ ಕಾಣುವ ಸಿಮೆಂಟ್ ಬ್ಲಾಕುಗಳಲ್ಲಿ 6 ಇಂಚು ಎಂದರೆ 150, 8 ಇಂಚು ಎಂದರೆ 200. ಕೊನೆಗೆ ಎತ್ತರಗಳು: ನೆಲದಿಂದ ಕಿಟಕಿಯ ಕೆಳ ಅಂಚು (ಸಿಲ್), ಕಿಟಕಿಯ ಮೇಲಿನ ಅಡ್ಡತೊಲೆ (ಲಿಂಟೆಲ್), ಸೂರು. ಕಿಟಕಿ ಸಾಮಾನ್ಯವಾಗಿ 3 ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ, ಆದರೂ ಊಹಿಸಬೇಡಿ, ಅಳೆಯಿರಿ.

ಅಡಿಯೋ ಮಿಲಿಮೀಟರೋ? ಮೇಸ್ತ್ರಿಗಳ ಜೊತೆ ಮಾತು ಅಡಿ-ಇಂಚಿನಲ್ಲೇ ನಡೆಯಲಿ, ಕಾಗದದ ಮೇಲೆ ಮಿ.ಮೀ. ಇಡಿ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಹಳೆಯ ನಕ್ಷೆಗಳಲ್ಲಿ ಕಾಲು ಇಂಚಿಗೆ ಒಂದು ಅಡಿ ಎಂಬ ಪ್ರಮಾಣ ಇರುತ್ತದೆ. ಅದು 1:48, ಅಂದರೆ ಹಾಳೆಯ 1 ಮಿ.ಮೀ. ನಿಜದಲ್ಲಿ 48 ಮಿ.ಮೀ. ಇಡೀ ಮನೆಗೆ ನಾವು ಮುಂದೆ ಬಳಸುವ 1:50 ಅಲ್ಲ. 30 ಅಡಿಯ ಸೈಟು ಅದರಲ್ಲಿ 190.5 ಮಿ.ಮೀ. ಬಂದರೆ, 1:50ರಲ್ಲಿ 182.9. ಒಂದನ್ನು ಇನ್ನೊಂದೆಂದು ಓದಿದರೆ ಸೈಟು ಒಂದಡಿಗೂ ಹೆಚ್ಚು ತಪ್ಪುತ್ತದೆ.

ಕೋಣೆಯನ್ನು ಹಾಳೆಗೆ ಇಳಿಸುವುದು

ಮೊದಲ ಹಾಳೆಗೆ 1:20 ಪ್ರಮಾಣ ತೆಗೆದುಕೊಳ್ಳಿ. ಕೋಣೆಯ 20 ಮಿ.ಮೀ. ಹಾಳೆಯ ಮೇಲೆ 1 ಮಿ.ಮೀ. 3048 ಅನ್ನು 20ರಿಂದ ಭಾಗಿಸಿದರೆ 152, 3658 ಭಾಗಿಸಿದರೆ 183. ಸುತ್ತಲಿನ ಗೋಡೆ ಹನ್ನೆರಡು ಹದಿಮೂರು ಮಿ.ಮೀ. ಎ4 ಹಾಳೆ 210×297, ಆರಾಮಾಗಿ ಕೂರುತ್ತದೆ. ಬರೆಯುವ ಮೊದಲೇ ಈ ಲೆಕ್ಕ ಮಾಡಿಕೊಂಡರೆ ಚಿತ್ರ ಹಾಳೆಯಿಂದ ಹೊರಗೆ ಹೋಗುವ ಪೇಚು ತಪ್ಪುತ್ತದೆ.

2ಎಚ್ ಪೆನ್ಸಿಲಿನಲ್ಲಿ, ಕಣ್ಣಿಗೆ ಕಂಡೂ ಕಾಣದ ಹಾಗೆ, ಒಂದು ಗೋಡೆಯನ್ನು ಎಳೆಯಿರಿ. ಉಳಿದ ಮೂಲೆಗಳನ್ನು ಸೆಟ್ ಸ್ಕ್ವೇರ್ ಇಟ್ಟು ಹಾಕಬೇಡಿ, ಕೈವಾರದಿಂದ ಹುಡುಕಿ. ಎಳೆದ ಗೋಡೆಯ ಒಂದು ತುದಿಯಿಂದ ಪಕ್ಕದ ಗೋಡೆಯ ಉದ್ದಕ್ಕೆ ಒಂದು ಕಮಾನು, ಇನ್ನೊಂದು ತುದಿಯಿಂದ ಕರ್ಣದ ಉದ್ದಕ್ಕೆ ಇನ್ನೊಂದು ಕಮಾನು. ಎರಡೂ ಕೂಡುವ ಕಡೆ ಮೂರನೇ ಮೂಲೆ. ನಾಲ್ಕನೆಯದೂ ಹೀಗೆಯೇ. ಕೈವಾರ ಸಾಲದಷ್ಟು ಉದ್ದವಿದ್ದರೆ ದಾರಕ್ಕೆ ಪೆನ್ಸಿಲ್ ಕಟ್ಟಿಕೊಳ್ಳಿ. ಸರ್ವೆ ಮಾಡುವವರು ಹೊಲವನ್ನು ತ್ರಿಕೋನಗಳಾಗಿ ಒಡೆದು ಅಳೆಯುವುದೂ ಇದೇ ಕಾರಣಕ್ಕೆ. ಮೂರು ಬದಿ ಗೊತ್ತಾದ ತ್ರಿಕೋನ ಅಲ್ಲಾಡುವುದಿಲ್ಲ.

ಈಗ ಗೆರೆಗಳ ದಪ್ಪ. ನಕ್ಷೆಯಲ್ಲಿ ಗೆರೆಯ ದಪ್ಪಕ್ಕೆ ಅರ್ಥವಿದೆ. ಪ್ಲಾನ್ ಎಂದರೆ ಮೇಲಿನಿಂದ ಇಣುಕಿದ ನೋಟ ಎಂದು ಹಲವರು ತಿಳಿದಿದ್ದಾರೆ. ಹಾಗೆ ಇಣುಕಿದರೆ ಕಾಣುವುದು ಮೋಲ್ಡ್ ಮಾತ್ರ. ಹಲಸಿನ ಹಣ್ಣನ್ನು ಅಡ್ಡಕ್ಕೆ ಕೊಯ್ದು ಮೇಲಿನ ಹೋಳು ಎತ್ತಿಟ್ಟ ಹಾಗೆ, ಮನೆಯನ್ನು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಕೊಯ್ದು ನೋಡುವುದು ಪ್ಲಾನ್. ಕತ್ತಿ ಹಾದುಹೋದದ್ದೆಲ್ಲ ದಪ್ಪ ಗೆರೆ: ಗೋಡೆ, ಪಿಲ್ಲರ್, ಬಾಗಿಲ ಚೌಕಟ್ಟು. ಇದಕ್ಕೆ 2ಬಿ. ಕತ್ತಿಯ ಕೆಳಗೆ ಉಳಿದು ಕಾಣುವ ಮಂಚ, ಮೇಜು, ಹೊಸ್ತಿಲಿಗೆ ಎಚ್‌ಬಿ. ಕತ್ತಿಯ ಮೇಲಿರುವ ಸಜ್ಜಾ, ಅಟ್ಟ, ಬಚ್ಚಲಿನ ವೆಂಟಿಲೇಟರಿಗೆ ತುಂಡು ಗೆರೆ. ಅಳತೆಯ ಗೆರೆಗಳು ಎಲ್ಲಕ್ಕಿಂತ ತೆಳು. ಇಂಕ್ ಪೆನ್ನಿನಲ್ಲಿ ಬರೆಯುವುದಾದರೆ 0.5, 0.25, 0.18 ಎಂಬ ಮೂರು ದಪ್ಪ ಸಾಕು. ಭಾರತೀಯ ಮಾನಕ ಬ್ಯೂರೋದ ಐಎಸ್ 962 ಕಟ್ಟಡದ ನಕ್ಷೆಗಳಿಗೆಂದೇ ಇರುವ ಮಾನಕ. ಚಿಹ್ನೆಗಳ ಬಗ್ಗೆ ಅನುಮಾನ ಬಂದಾಗ ತೆಗೆದು ನೋಡಿ.

ಗೆರೆ ಎಳೆಯುವಾಗ ಪೆನ್ಸಿಲನ್ನು ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸುತ್ತಾ ಹೋಗಿ, ಮೊನೆ ಒಂದೇ ಕಡೆ ಸವೆಯದೆ ಗೆರೆ ಕೊನೆವರೆಗೂ ಒಂದೇ ದಪ್ಪ ಇರುತ್ತದೆ. ಪೆನ್ಸಿಲನ್ನು ಎಳೆಯಬೇಕು, ತಳ್ಳಬಾರದು. ಮೂಲೆಯಲ್ಲಿ ಎರಡು ಗೆರೆಗಳು ಕೂದಲೆಳೆಯಷ್ಟು ದಾಟಿದರೆ ಪರವಾಗಿಲ್ಲ. ಮುಟ್ಟದೆ ಬಿಟ್ಟರೆ ಮೂಲೆ ಬಿರುಕು ಬಿಟ್ಟಂತೆ ಕಾಣುತ್ತದೆ. ಮೊದಲ ಎರಡು ವಾರ ದಿನಕ್ಕೆ ಇಪ್ಪತ್ತು ನಿಮಿಷ ಬರೀ ಗೆರೆ ಎಳೆಯಲು ಇಟ್ಟುಬಿಡಿ, ಅಳತೆಪಟ್ಟಿ ಇಟ್ಟು ಅರ್ಧ, ಬರಿಗೈಯಲ್ಲಿ ಅರ್ಧ. ಬೇಸರ ಬರುವ ಕೆಲಸ, ಒಪ್ಪುತ್ತೇನೆ. ಸಂಗೀತ ಕಲಿಯುವವರು ಸರಳೆ ವರಸೆಯನ್ನು ಬಿಟ್ಟು ಕೀರ್ತನೆಗೆ ಹಾರುವುದಿಲ್ಲವಲ್ಲ.

ಬಾಗಿಲನ್ನು ತೆರೆದ ಸ್ಥಿತಿಯಲ್ಲಿ ತೋರಿಸಿ, ಅದು ತಿರುಗುವ ದಾರಿಯನ್ನು ಕೈವಾರದ ಕಾಲು ವೃತ್ತದಿಂದ ಗುರುತಿಸಿ. ಮಂಚಕ್ಕೆ ಬಾಗಿಲು ಬಡಿಯುತ್ತದೋ ಎಂಬುದು ಆಗಲೇ ತಿಳಿಯುತ್ತದೆ. ಉತ್ತರ ದಿಕ್ಕಿನ ಬಾಣ, ಪ್ರಮಾಣ, ದಿನಾಂಕ ಬಲಗಡೆ ಕೆಳಮೂಲೆಯಲ್ಲಿರಲಿ.

ಅಕ್ಷರದ ವಿಷಯ ಸ್ವಲ್ಪ ನಿಂತು ಹೇಳಬೇಕು. ಎರಡು ತೆಳು ಗೆರೆ ಎಳೆದು ನಡುವೆ ದೊಡ್ಡಕ್ಷರ ಬರೆಯುವ ಇಂಗ್ಲಿಷಿನ ಪದ್ಧತಿ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಬುಡದಲ್ಲಿ ಒತ್ತು. "ಸ್ನಾನದ ಕೋಣೆ" ಎಂದು ಬರೆದು ನೋಡಿ, ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತದೆ. ನಾನು ನಾಲ್ಕು ಗೆರೆ ಎಳೆಯುತ್ತೇನೆ: ನಡುವಿನ 3 ಮಿ.ಮೀ. ಅಕ್ಷರದ ಮೈಗೆ, ಮೇಲೆ 1, ಕೆಳಗೆ 2. ಮನೆಯವರೂ ಮೇಸ್ತ್ರಿಯೂ ಕನ್ನಡದಲ್ಲೇ ಮಾತಾಡುವಾಗ ನಕ್ಷೆಯ ಮೇಲೆ ಅಡುಗೆಮನೆ, ದೇವರ ಕೋಣೆ, ಜಗಲಿ ಎಂದು ಬರೆಯಲು ಹಿಂಜರಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆ ಬರೆದ ನಕ್ಷೆಯನ್ನು ಮನೆಯ ಹಿರಿಯರೂ ಕೈಗೆತ್ತಿಕೊಂಡು ಓದುತ್ತಾರೆ, ತಪ್ಪು ತೋರಿಸುತ್ತಾರೆ.

ಉದ್ದಕ್ಕೆ ಸೀಳುವುದು

ಅದೇ ಹಲಸಿನ ಹಣ್ಣನ್ನು ತೊಟ್ಟಿನಿಂದ ಬುಡಕ್ಕೆ ಸೀಳಿದರೆ ಒಳಗಿನದು ಬೇರೆಯೇ ಕಾಣುತ್ತದೆ. ಮನೆಯನ್ನು ಹಾಗೆ ನಿಲುವಿಗೆ ಸೀಳಿ ಬರೆದದ್ದು ಸೆಕ್ಷನ್. ಕಲಿಯುವವರು ಬೇಗ ದಾಟಿಬಿಡುವುದು ಇದನ್ನೇ, ಎಡವುವುದೂ ಇಲ್ಲೇ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು 30×40 ಮನೆಗೆ ಮೆಟ್ಟಿಲು ಬರೆದಿದ್ದೆ. ನೆಲದಿಂದ ಮೇಲಿನ ನೆಲಕ್ಕೆ 3150 ಮಿ.ಮೀ. 175ರ 18 ಮೆಟ್ಟಿಲು, ಒಂಬತ್ತು ಹತ್ತಿದ ಮೇಲೆ ತಿರುವು (ಲ್ಯಾಂಡಿಂಗ್), ಮತ್ತೆ ಒಂಬತ್ತು. ತಿರುವಿನ ಕೆಳಗೆ ಜಾಗ ಖಾಲಿ ಕಂಡಿತು, ಅಲ್ಲೊಂದು ಶೌಚಾಲಯ ಇಟ್ಟೆ. ಪ್ಲಾನಿನಲ್ಲಿ ಎಲ್ಲ ಸರಿಯಾಗಿ ಕೂತಿತ್ತು. ಪಾಯ ಮುಗಿದು ಗೋಡೆ ಏಳುವ ಹೊತ್ತಿಗೆ ಮೇಸ್ತ್ರಿ ನನ್ನನ್ನು ಕರೆದು, ಚಾಕ್‌ಪೀಸಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದು, "ಸಾರ್, ಇಲ್ಲಿಗೆ ಬರ್ತದೆ ಲ್ಯಾಂಡಿಂಗು. ಒಳಗೆ ಹೋಗೋರು ಬಗ್ಗಿ ಹೋಗಬೇಕಾ?" ಎಂದರು. ಗೆರೆ ನನ್ನ ಎದೆಮಟ್ಟಕ್ಕೆ ಸ್ವಲ್ಪ ಮೇಲಿತ್ತು. ಒಂಬತ್ತು ಮೆಟ್ಟಿಲು ಎಂದರೆ 1575, ಅದರಲ್ಲಿ 150ರ ಸ್ಲ್ಯಾಬ್ ಕಳೆದರೆ 1425. ಸೆಕ್ಷನ್ ಬರೆದಿದ್ದರೆ ಹತ್ತು ನಿಮಿಷದಲ್ಲಿ ಕಾಣುತ್ತಿತ್ತು. ಆ ಗೋಡೆಯ ಮುಂದೆ ನಿಂತ ಕ್ಷಣ ಇಂದಿಗೂ ನೆನಪಿದೆ. ಅಂದಿನಿಂದ ಸೆಕ್ಷನ್ ಇಲ್ಲದ ಪ್ಲಾನನ್ನು ಯಾರ ಕೈಗೂ ಕೊಟ್ಟಿಲ್ಲ.

ಲ್ಯಾಂಡಿಂಗ್ ಕೆಳಗೆ ನಡೆದು ಹೋಗುವ ದಾರಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಕನಿಷ್ಠ 2.2 ಮೀಟರ್. ತಿರುವಿಗೆ ಮುಂಚಿನ ಮೊದಲ ಮಜಲಿನಲ್ಲೇ 14 ಮೆಟ್ಟಿಲು ಹತ್ತಿಸಿದರೆ 2450, ಸ್ಲ್ಯಾಬ್ ಕಳೆದು 2300, ಸಾಕಾಗುತ್ತದೆ. ಆದರೆ ಆಗ ಆ ಮಜಲು ಎಷ್ಟು ಉದ್ದ ಬೇಕು? ಇಲ್ಲಿ ಇನ್ನೊಂದು ಲೆಕ್ಕ ನೆನಪಿಡಿ. 14 ಸಲ ಕಾಲೆತ್ತಿದರೆ ನಡುವೆ ಕಾಲಿಡುವ ಜಾಗ 13 ಮಾತ್ರ, ಹದಿನಾಲ್ಕನೆಯದು ಲ್ಯಾಂಡಿಂಗ್ ತಾನೇ. 13 ಗುಣಿಸು 250, ಅಂದರೆ 3250 ಮಿ.ಮೀ. ವಾಸದ ಮನೆಯ ಮೆಟ್ಟಿಲಿಗೆ ಎತ್ತರ 190 ಮೀರಬಾರದು, ಕಾಲಿಡುವ ಅಗಲ 250ಕ್ಕಿಂತ ಕಡಿಮೆ ಇರಬಾರದು ಎಂಬುದೂ ಅದೇ ಸಂಹಿತೆಯಲ್ಲಿದೆ.

ಸೆಕ್ಷನ್ ಬರೆಯುವ ಕ್ರಮ ಸುಲಭ. ಪ್ಲಾನ್ ಮುಗಿದ ಹಾಳೆಯ ಮೇಲೆ ಕತ್ತಿ ಹಾಯುವ ಗೆರೆ ಹಾಕಿ, ಮೆಟ್ಟಿಲು ಮತ್ತು ಒಂದು ಕಿಟಕಿ ಎರಡನ್ನೂ ದಾಟುವ ಹಾಗೆ. ಬಟರ್ ಶೀಟನ್ನು ಪ್ಲಾನಿನ ಮೇಲೆ ಹಾಸಿ, ಗೋಡೆ ಸಿಗುವ ಪ್ರತಿ ಬಿಂದುವಿನಿಂದ ನೇರ ಗೆರೆ ಇಳಿಸಿ. ಅಡ್ಡಕ್ಕೆ ನೆಲ, ಸಿಲ್, ಲಿಂಟೆಲ್, ಸೂರು, ಪ್ಯಾರಪೆಟ್‌ಗಳ ಎತ್ತರ ಹಾಕಿ. ಗೆರೆಗಳು ಕೂಡಿದ ಕಡೆ ಮನೆ ತಾನೇ ಎದ್ದು ನಿಲ್ಲುತ್ತದೆ. ಇಡೀ ಮನೆಗೆ 1:50 ಹಿಡಿಸುತ್ತದೆ. 30×40 ಸೈಟು ಅದರಲ್ಲಿ 183×244 ಮಿ.ಮೀ., ಎ3 ಹಾಳೆಗೆ ಸರಿ. ಸೆಕ್ಷನ್ನಿನೊಳಗೆ ಅಳತೆಗೆ ತಕ್ಕಂತೆ ಒಬ್ಬ ಮನುಷ್ಯನ ಆಕೃತಿ ಬರೆದು ನಿಲ್ಲಿಸಿ, 1650 ಎತ್ತರಕ್ಕೆ, ಅಂದರೆ ಹಾಳೆಯಲ್ಲಿ 33 ಮಿ.ಮೀ. ತಲೆ ಎಲ್ಲಿ ತಾಗುತ್ತದೆ ಎಂದು ಆ ಆಕೃತಿಯೇ ಹೇಳುತ್ತದೆ.

ಕಂಪ್ಯೂಟರಿಗೆ

ಇಷ್ಟು ಕೈಯಲ್ಲಿ ಬಂದ ಮೇಲೆ ಕಂಪ್ಯೂಟರ್ ಹಗುರ. ಆಫೀಸುಗಳಲ್ಲಿ ಹೆಚ್ಚಾಗಿ ಬಳಸುವುದು ಆಟೋಕ್ಯಾಡ್. ಕಲಿಯಲು ಲಿಬ್ರೆಕ್ಯಾಡ್ ಸಾಕು, ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಗೆರೆ, ಆಫ್‌ಸೆಟ್ (ಗೆರೆಗೆ ಸಮಾನಾಂತರ ಗೆರೆ), ಟ್ರಿಮ್ (ಹೆಚ್ಚಾದದ್ದನ್ನು ಕತ್ತರಿಸುವುದು), ಮಿರರ್ (ಕನ್ನಡಿಯ ಪ್ರತಿಬಿಂಬ), ಹ್ಯಾಚ್ (ಗೆರೆಗಳ ನಡುವೆ ತುಂಬುವುದು) ಎಂಬ ಐದಾರು ಕ್ರಿಯೆ ಗೊತ್ತಾದರೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಕಷ್ಟವಲ್ಲ.

ಮೊದಲ ಕೆಲಸ, ಏಕಮಾನವನ್ನು ಮಿಲಿಮೀಟರಿಗೆ ಇಡುವುದು. ಎರಡನೆಯದು, ಪ್ರಮಾಣವನ್ನು ಸದ್ಯಕ್ಕೆ ಮರೆಯುವುದು. ಇಲ್ಲಿ ಯಾವುದನ್ನೂ ಭಾಗಿಸಬೇಡಿ. 3048 ಎಂದರೆ 3048 ಎಂದೇ ಎಳೆಯಿರಿ. ಹಾಳೆಯ ಪ್ರಶ್ನೆ ಪ್ರಿಂಟ್ ತೆಗೆಯುವಾಗ ಬರುತ್ತದೆ. ಎಳೆಯುವ ಮೊದಲೇ ಲೇಯರ್‌ಗಳನ್ನು ಮಾಡಿಕೊಳ್ಳಿ: ಗೋಡೆ, ಬಾಗಿಲು-ಕಿಟಕಿ, ಪೀಠೋಪಕರಣ, ಅಳತೆ, ಬರಹ. ಕೈಯಲ್ಲಿ ಪೆನ್ಸಿಲ್ ಬದಲಿಸಿದ ಹಾಗೆ ಇಲ್ಲಿ ಲೇಯರ್ ಬದಲಿಸುವುದು, ಗೋಡೆಗೆ 0.5, ಕಾಣುವ ವಸ್ತುವಿಗೆ 0.25, ಅಳತೆಗೆ 0.18 ದಪ್ಪ ಕೊಡಿ. ಗೋಡೆಯ ಒಳಮೈಯ ಗೆರೆಗಳನ್ನು ಎಳೆದು ಹೊರಕ್ಕೆ 230 ಆಫ್‌ಸೆಟ್ ಮಾಡಿ, ಬಾಗಿಲು ಕಿಟಕಿ ಬರುವ ಕಡೆ ಟ್ರಿಮ್ ಮಾಡಿ. ಮೂಲೆಗಳನ್ನು ಇಲ್ಲೂ ವೃತ್ತಗಳಿಂದಲೇ ಹುಡುಕಿ. ಆರ್ಥೋ ಗುಂಡಿ ಒತ್ತಿ ಅಡ್ಡ ಮತ್ತು ನಿಲುವಿನ ಗೆರೆಗಳನ್ನೇ ಎಳೆದರೆ ಕಷ್ಟಪಟ್ಟು ಅಳೆದ ಆ 21 ಮಿ.ಮೀ. ಓರೆ ಸದ್ದಿಲ್ಲದೆ ಮಾಯವಾಗುತ್ತದೆ.

ಗೆರೆಯ ತುದಿಯನ್ನು ಸರಿಯಾಗಿ ಹಿಡಿದುಕೊಡುವ ಸ್ನ್ಯಾಪ್ ಯಾವಾಗಲೂ ಆನ್ ಇರಲಿ. ಪರದೆಯ ಮೇಲೆ ಕೂಡಿದಂತೆ ಕಂಡ ಎರಡು ಗೆರೆಗಳ ನಡುವೆ ಅರ್ಧ ಮಿ.ಮೀ. ಸಂದು ಇರಬಹುದು, ಹ್ಯಾಚ್ ತುಂಬಲು ಹೋದಾಗ ಅದು ಗೋಡೆಯಿಂದ ಹೊರಗೆ ಚೆಲ್ಲುತ್ತದೆ, ಇಲ್ಲವೇ ತುಂಬುವುದೇ ಇಲ್ಲ. ಅಳತೆ 3047.63 ಎಂದು ತೋರಿಸಿದರೆ ಆ ಚುಕ್ಕಿಯ ಆಚೆಗಿನ ಅಂಕಿಗಳನ್ನು ತೆಗೆಯಿರಿ. ಗಾರೆಯ ಗೋಡೆಗೆ ಅಷ್ಟು ನಿಖರತೆ ಇಲ್ಲ.

ಅಕ್ಷರದ ಎತ್ತರಕ್ಕೆ ಮಾತ್ರ ಪ್ರಮಾಣ ಬೇಕು. ಹಾಳೆಯ ಮೇಲೆ 2.5 ಮಿ.ಮೀ. ಅಕ್ಷರ ಬೇಕಾದರೆ 1:50ಕ್ಕೆ 125, 1:100ಕ್ಕೆ 250 ಕೊಡಿ. ಕನ್ನಡದಲ್ಲಿ ಬರೆಯಲು ಆಟೋಕ್ಯಾಡಿನ ಹಳೆಯ ಎಸ್‌ಎಚ್‌ಎಕ್ಸ್ ಅಕ್ಷರಗಳನ್ನು ಬಿಟ್ಟು ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಆರಿಸಿ, ಒಮ್ಮೆ ಪಿಡಿಎಫ್ ತೆಗೆದು ಒತ್ತಕ್ಷರಗಳು ತಮ್ಮ ಜಾಗದಲ್ಲಿವೆಯೇ ಎಂದು ನೋಡಿ.

ಆಟೋಕ್ಯಾಡಿನಲ್ಲಿ ಪ್ರಿಂಟಿಗೆ ಲೇಔಟ್ ತೆರೆದು, ಎ3 ಹಾಳೆ ಆರಿಸಿ, ಚಿತ್ರ ಕಾಣುವ ಚೌಕಕ್ಕೆ (ವ್ಯೂಪೋರ್ಟ್) 1:50 ಕೊಟ್ಟು ಬೀಗ ಹಾಕಿ. ಜೆರಾಕ್ಸ್ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: "ಫಿಟ್ ಮಾಡಬೇಡಿ, ನೂರಕ್ಕೆ ನೂರು ಸೈಜಿನಲ್ಲಿ ತೆಗೀರಿ." ಎ3 ಚಿತ್ರವನ್ನು ಎ4 ಹಾಳೆಗೆ ಕುಗ್ಗಿಸಿದರೆ 71 ಪ್ರತಿಶತಕ್ಕೆ ಇಳಿಯುತ್ತದೆ, 1:50 ಎಂದು ಬರೆದದ್ದು ನಿಜದಲ್ಲಿ 1:71 ಆಗಿರುತ್ತದೆ. ಹಾಳೆಯ ಅಂಚಿನಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿಡಿ, ಪ್ರಿಂಟ್ ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ಅಳೆದು ನೋಡಿ.

ಎರಡನ್ನೂ ಸೇರಿಸಿ

ಮೂರು ಆಯಾಮದಲ್ಲಿ ಚಿತ್ರಿಸುವ ಸ್ಕೆಚಪ್‌ನ ವೆಬ್ ಆವೃತ್ತಿಯಲ್ಲಿ ಈ ಪ್ಲಾನನ್ನು ಎಬ್ಬಿಸಿ ನಿಲ್ಲಿಸಬಹುದು. ಗೋಡೆ, ಮೋಲ್ಡ್, ಮೆಟ್ಟಿಲು ಇಷ್ಟೇ ಸಾಕು, ಬಣ್ಣ ಬೇಡ. ಕಣ್ಣಿನ ಮಟ್ಟವನ್ನು 1500 ಎತ್ತರಕ್ಕೆ ಇಟ್ಟು ಒಂದು ನೋಟದ ಪ್ರಿಂಟ್ ತೆಗೆದು, ಅದರ ಮೇಲೆ ಬಟರ್ ಶೀಟ್ ಹಾಸಿ ಕೈಯಲ್ಲಿ ಬರೆಯಿರಿ: ಕಿಟಕಿಯಿಂದ ಬೀಳುವ ಬಿಸಿಲು, ಮೂಲೆಯ ತುಳಸಿ, ಜಗಲಿಯ ಮೇಲೆ ಕೂತ ಅಜ್ಜ. ದೂರ-ಹತ್ತಿರದ ಲೆಕ್ಕ ಯಂತ್ರ ಮಾಡಿಕೊಟ್ಟಿದೆ, ಮನೆಯ ಜೀವ ನಿಮ್ಮ ಕೈಯದು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ತಮ್ಮ ಕಟ್ಟಡಗಳನ್ನು ಮಿನಿಯೇಚರ್ ಚಿತ್ರಗಳ ಶೈಲಿಯಲ್ಲಿ, ಜನ, ಮರ, ಹಕ್ಕಿಗಳ ಸಮೇತ ಚಿತ್ರಿಸಿದ್ದರು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆ ಕಟ್ಟುವ ಬಗೆಯನ್ನು ಜನರಿಗೆ ತಿಳಿಸಲು ಕಿರುಪುಸ್ತಕಗಳನ್ನು ತಾವೇ ಕೈಯಿಂದ ಬರೆದು, ಚಿತ್ರ ಹಾಕಿದ್ದರು. ಅವರಿಬ್ಬರ ರೇಖೆಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡುವುದು ಒಳ್ಳೆಯ ಅಭ್ಯಾಸ.

ಆರ್ಕಿಟೆಕ್ಚರ್ ಓದುವ ಆಸೆಯಿಂದ ನಾಟಾ ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತು: ನಕ್ಷೆ ಬರೆಯಲು ಬಂದ ಮಾತ್ರಕ್ಕೆ ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳುವಂತಿಲ್ಲ. 1972ರ ಕಾಯ್ದೆಯ ಪ್ರಕಾರ ಆ ಹೆಸರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರಿಗೆ ಮಾತ್ರ. ಕಂಬ, ತೊಲೆ, ಪಾಯದ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರಿಗೇ ಬಿಡಿ.

ಮುಂದಿನ ಹಾಳೆಗೆ ಊರಿನ ತೊಟ್ಟಿ ಮನೆಯನ್ನು ಆರಿಸಿಕೊಳ್ಳಿ, ಇನ್ನೂ ನಿಂತಿದ್ದರೆ. ಅಲ್ಲಿ ಗೋಡೆಯಿಂದ ಶುರು ಮಾಡಬೇಡಿ. ಮೊದಲು ತೊಟ್ಟಿಯ ನಾಲ್ಕು ಕಂಬಗಳ ನಡುವಿನ ಅಂತರ ಮತ್ತು ಎರಡು ಕರ್ಣಗಳನ್ನು ಅಳೆದು ಹಾಳೆಯ ನಡುವೆ ಇಡಿ, ಸುತ್ತಲಿನ ಪಡಸಾಲೆ, ಕೋಣೆಗಳನ್ನು ಅದಕ್ಕೆ ಜೋಡಿಸುತ್ತಾ ಹೊರಕ್ಕೆ ಹೋಗಿ. ಹೆಂಚಿನ ಮಾಡಿನ ಇಳಿಜಾರಿಗೆ ಒಂದು ಮೀಟರಿನ ರಸಮಟ್ಟವನ್ನು ಮಟ್ಟಸವಾಗಿ ಹಿಡಿದು, ಒಂದು ತುದಿಯನ್ನು ಹೆಂಚು ಹೊತ್ತ ಓರೆ ಮರಕ್ಕೆ (ಪಕಾಸಿಗೆ) ತಾಗಿಸಿ, ಇನ್ನೊಂದು ತುದಿಯಿಂದ ಪಕಾಸಿಗೆ ಎಷ್ಟು ಎತ್ತರ ಎಂದು ನೋಡಿ. 577 ಮಿ.ಮೀ. ಬಂದರೆ 30 ಡಿಗ್ರಿ. ಏಣಿ ಹಿಡಿಯಲು ಒಬ್ಬರು ಜೊತೆಗಿರಲಿ.